ದೊಡ್ಡಮ್ಮನ ತೊಂಬೆ, ಬರ್ಕ್‌ನ ಬ್ರಿಸ್ಟಲ್: ನಮ್ಮ ಪ್ರತಿನಿಧಿ ಯಾರ ಮಾತು ಕೇಳಬೇಕು?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ. ಓದಿಗೆ ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಬಸ್ಸಲ್ಲಿ ನಿಂತ್ಕೊಂಡು, ಪಾತ್ರೆ ತೊಳೀತಾ, ವಾಕಿಂಗ್ ಮಾಡ್ತಾ, ಎಲ್ಲಿಂದ ಕೇಳ್ತಾ ಇದ್ದರೂ ಸ್ವಾಗತ. ಇವತ್ತಿನ ವಿಷಯ ರಾಜಕೀಯ ತತ್ವಶಾಸ್ತ್ರ. ತಕ್ಷಣ ಸ್ಕಿಪ್ ಮಾಡ್ಬೇಡಿ. ಮೊದಲು ಒಂದು ನೀರಿನ ತೊಂಬೆಯ ಕತೆ ಹೇಳ್ತೀನಿ. ತತ್ವಜ್ಞಾನಿಗಳು ಆಮೇಲೆ ಬರ್ತಾರೆ.

ನಮ್ಮೂರು ಹಾಸನ ಜಿಲ್ಲೆಯಲ್ಲಿ, ಅರಸೀಕೆರೆ ಕಡೆ. ಮಳೆ ಕಮ್ಮಿ, ತೆಂಗು ಜಾಸ್ತಿ, ಬೇಸಿಗೆ ಬಂದ್ರೆ ಬೀದಿ ತುಂಬ ಬಿಂದಿಗೆ ಸಾಲು. 2010ರ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ನಮ್ಮ ವಾರ್ಡಿನ ಎರಡು ಸ್ಥಾನಗಳಲ್ಲಿ ಒಂದು ಸಾಮಾನ್ಯ ಮಹಿಳೆಗೆ ಮೀಸಲಾಯ್ತು. ನಿಲ್ಲೋ ಆಸೆ ಇದ್ದದ್ದು ದೊಡ್ಡಪ್ಪನಿಗೆ. ಅವರು ನಿಲ್ಲೋ ಹಾಗಿರಲಿಲ್ಲ, ದೊಡ್ಡಮ್ಮನ್ನ ನಿಲ್ಲಿಸಿದ್ರು. ದೊಡ್ಡಮ್ಮ ಗೆದ್ದರು. ಮೊದಲ ವರ್ಷ ಸಭೆಗೆ ಹೋಗ್ತಿದ್ದವರು ದೊಡ್ಡಪ್ಪನೇ. ನಡಾವಳಿ ಪುಸ್ತಕ ಮನೆಗೆ ಬರ್ತಿತ್ತು. ದೊಡ್ಡಮ್ಮ ಒಲೆ ಮುಂದಿಂದ ಎದ್ದು ಬಂದು, ಸೆರಗಿಗೆ ಕೈ ಒರೆಸ್ಕೊಂಡು ಸಹಿ ಹಾಕ್ತಿದ್ದರು. ನಾನಾಗ ಹೈಸ್ಕೂಲು. ಅದರಲ್ಲಿ ತಪ್ಪೇನಿದೆ ಅಂತ ನನಗೂ ಅನ್ನಿಸಿರಲಿಲ್ಲ.

ಎರಡನೇ ವರ್ಷ ದೊಡ್ಡಪ್ಪ ಬೈಕಿಂದ ಬಿದ್ದು ಕಾಲು ಮುರ್ಕೊಂಡ್ರು. ಬೇರೆ ದಾರಿ ಇಲ್ಲದೆ ದೊಡ್ಡಮ್ಮ ತಾವೇ ಸಭೆಗೆ ಹೋದ್ರು. ದೊಡ್ಡಪ್ಪನ ಕಾಲು ಸರಿಹೋದ ಮೇಲೂ ಅವರು ಹೋಗೋದು ಬಿಡಲಿಲ್ಲ.

ಆ ವರ್ಷ ನಮ್ಮ ವಾರ್ಡಿಗೆ ಸಿಕ್ಕಿದ್ದು ಒಂದೇ ಒಂದು ತೊಂಬೆಗೆ ಆಗುವಷ್ಟು ದುಡ್ಡು. ತೊಂಬೆ ಅಂದ್ರೆ ಸುತ್ತ ನಲ್ಲಿ ಇರೋ ಸಣ್ಣ ಟ್ಯಾಂಕು, ಹಳ್ಳಿ ಕಡೆಯವರಿಗೆ ಗೊತ್ತಿರುತ್ತೆ. ವಾರ್ಡ್ ಸಭೆಯಲ್ಲಿ ಬಹುತೇಕರು ಹೇಳಿದ್ದು: ದೇವಸ್ಥಾನದ ಬೀದಿಗೆ ಹಾಕಿ. ಅಲ್ಲಿ ಮನೆ ಜಾಸ್ತಿ, ದೊಡ್ಡಮ್ಮನಿಗೆ ಓಟು ಹಾಕಿದವರೂ ಹೆಚ್ಚಾಗಿ ಅವರೇ. ಆದ್ರೆ ಆ ಬೀದೀಲಿ ಆಗಲೇ ಒಂದು ತೊಂಬೆ ಇತ್ತು. ಊರಾಚೆಯ ಕಾಲೋನಿಯಲ್ಲಿ, ಅಂದ್ರೆ ಇಪ್ಪತ್ತು ಚಿಲ್ಲರೆ ದಲಿತರ ಮನೆಗಳಿರೋ ಕಡೆ, ಒಂದೂ ಇರಲಿಲ್ಲ. ಅಲ್ಲಿಯ ಹೆಂಗಸರು ತೋಟದ ಪಂಪ್‌ಸೆಟ್ ಹತ್ರ ಹೋಗಿ, ಕರೆಂಟ್ ಬಂದಾಗ, ತೋಟದವರಿಗೆ ಮನಸ್ಸು ಬಂದಾಗ ನೀರು ಹಿಡ್ಕೋಬೇಕಿತ್ತು. ಪಂಚಾಯಿತಿ ಸಭೆಯಲ್ಲಿ ದೊಡ್ಡಮ್ಮ ಎದ್ದು, ತೊಂಬೆ ಕಾಲೋನಿಗೆ ಹಾಕಿ ಅಂದ್ರು. ಹಾಗೇ ಆಯ್ತು.

2015ರಲ್ಲಿ ದೊಡ್ಡಮ್ಮ ಮತ್ತೆ ನಿಂತ್ರು. ಸೋತರು. ಪ್ರಚಾರಕ್ಕೆ ಹೋದಾಗ ದೇವಸ್ಥಾನದ ಬೀದಿಯ ಯಜಮಾನ್ರೊಬ್ಬರು ಜಗಲಿ ಮೇಲೆ ಕೂತ್ಕೊಂಡು ಹೇಳಿದ ಮಾತು ನನಗಿನ್ನೂ ನೆನಪಿದೆ. "ನಿನ್ನ ಬುದ್ಧಿ ತೋರ್ಸಕ್ಕೆ ಕಳಿಸಿದ್ವಾ ಕಣಮ್ಮ? ನಮ್ಮ ಮಾತು ಹೇಳಕ್ಕೆ ಕಳಿಸಿದ್ದು."

ಯಜಮಾನ್ರ ಮಾತಲ್ಲಿ ಹುರುಳಿಲ್ಲ ಅಂತ ತಳ್ಳಿಹಾಕೋಕೆ ಆಗಲ್ಲ. ಇದೇ ಪ್ರಶ್ನೆ ಇಟ್ಕೊಂಡು ದೊಡ್ಡ ದೊಡ್ಡ ತಲೆಗಳು ಇನ್ನೂರೈವತ್ತು ವರ್ಷದಿಂದ ವಾದ ಮಾಡ್ತಾ ಬಂದಿವೆ.

ಪ್ರಾಕ್ಸಿನಾ, ಡೈರೆಕ್ಟರಾ?

ನಾನು ಬಿ.ಕಾಂ. ಓದಿದವಳು. ನನಗೆ ಈ ಪ್ರಶ್ನೆ ಅರ್ಥ ಆಗಿದ್ದು ಕಂಪನಿ ಕಾನೂನಿನಿಂದ. ನೀವೊಂದು ಕಂಪನಿಯ ಷೇರುದಾರರು ಅಂದ್ಕೊಳ್ಳಿ. ವಾರ್ಷಿಕ ಸಭೆಗೆ ಹೋಗೋಕಾಗಲ್ಲ. ಆಗ ನಿಮ್ಮ ಬದಲಿಗೆ ಒಬ್ಬರನ್ನ ಪ್ರಾಕ್ಸಿಯಾಗಿ ಕಳಿಸಬಹುದು. 2013ರ ಕಂಪನಿ ಕಾಯ್ದೆ ಪ್ರಕಾರ ಆ ಪ್ರಾಕ್ಸಿಗೆ ಸಭೆಯಲ್ಲಿ ಮಾತಾಡೋ ಹಕ್ಕೇ ಇಲ್ಲ. ಮತ ಎಣಿಕೆಗೆ ಹಾಕಿದಾಗ ನಿಮ್ಮ ಪರವಾಗಿ ಮತ ಹಾಕಿ ಬರಬೇಕು, ಅಷ್ಟೇ. ಅದೇ ಷೇರುದಾರರು ಡೈರೆಕ್ಟರ್‌ನ ಆರಿಸಿದ್ರೆ ಕತೆ ಪೂರ್ತಿ ಬೇರೆ. ಡೈರೆಕ್ಟರ್ ಸ್ವತಂತ್ರವಾಗಿ ಯೋಚಿಸಿ ತೀರ್ಮಾನ ತಗೋಬೇಕು ಅಂತ ಅದೇ ಕಾಯ್ದೆ ಹೇಳುತ್ತೆ. ಆರಿಸಿದವರು ಅವರೇ, ಕೆಲಸ ಮಾತ್ರ ಎರಡು ಥರ.

ಹಾಗಾದ್ರೆ ಪಂಚಾಯಿತಿಗೆ, ವಿಧಾನಸಭೆಗೆ, ಸಂಸತ್ತಿಗೆ ನಾವು ಕಳಿಸ್ತಿರೋದು ಪ್ರಾಕ್ಸಿನಾ, ಡೈರೆಕ್ಟರನ್ನಾ? ಯಜಮಾನ್ರ ಪ್ರಕಾರ ಪ್ರಾಕ್ಸಿ. ದೊಡ್ಡಮ್ಮನ ಪ್ರಕಾರ ಡೈರೆಕ್ಟರ್.

ರೂಸೋ: ಓಟಿನ ದಿನ ಮಾತ್ರ ರಾಜ

ಮೊದಲು ರೂಸೋ. ಜಿನೀವಾದಲ್ಲಿ ಹುಟ್ಟಿದವನು. 1762ರಲ್ಲಿ 'ಸಾಮಾಜಿಕ ಒಪ್ಪಂದ' ಅನ್ನೋ ಪುಸ್ತಕ ಬರೆದ. ಜಿನೀವಾದಲ್ಲಿ ಅದನ್ನ ಸುಟ್ಟರು. ಅವನ ವಾದ ಇಷ್ಟು: ಜನರ ಇಚ್ಛೆಗೆ ಬದಲಿ ಆಳನ್ನ ಕಳಿಸೋಕಾಗಲ್ಲ. ನಿಮ್ಮ ಹಸಿವಿಗೆ ಇನ್ನೊಬ್ಬರು ಊಟ ಮಾಡೋಕಾಗುತ್ತಾ? ಹಾಗೇ ಇದು. ಪ್ರತಿನಿಧಿ ಅಂದ್ರೆ ಹೆಚ್ಚೆಂದರೆ ಕಾರಕೂನ. ಕೆಲಸ ಮಾಡಿಕೊಡಬಹುದು, ಕಾನೂನಿಗೆ ಕೊನೆಯ ಒಪ್ಪಿಗೆ ಮಾತ್ರ ಜನರೇ ಕೊಡಬೇಕು. ಆ ಕಾಲಕ್ಕೆ ಪಾರ್ಲಿಮೆಂಟ್ ಇದೆ ಅಂತ ಬೀಗ್ತಿದ್ದ ಇಂಗ್ಲೆಂಡಿನವರನ್ನ ನೋಡಿ, ಇವರು ಸ್ವತಂತ್ರರಾಗಿರೋದು ಚುನಾವಣೆ ನಡೆಯೋವಾಗ ಮಾತ್ರ, ಅದು ಮುಗೀತಿದ್ದ ಹಾಗೆ ಗುಲಾಮರು ಅಂದ. ಐದು ವರ್ಷಕ್ಕೊಂದು ಸಲ ಬೆರಳಿಗೆ ಶಾಯಿ ಹಾಕಿಸ್ಕೊಂಡು ಸೆಲ್ಫಿ ತಗೊಳ್ಳೋ ನಮಗೆ ಈ ಮಾತು ಸ್ವಲ್ಪ ಚುಚ್ಚುತ್ತೆ, ಅಲ್ವಾ?

ಆದ್ರೆ ದೊಡ್ಡ ದೇಶದಲ್ಲಿ ಎಲ್ಲರೂ ಒಂದೇ ಕಡೆ ಸೇರೋಕಾಗಲ್ಲ ಅನ್ನೋದು ರೂಸೋಗೂ ಗೊತ್ತಿತ್ತು. ಮುಂದೆ ಪೋಲೆಂಡಿಗೆ ಸಲಹೆ ಬರೆಯುವಾಗ ಪ್ರತಿನಿಧಿಗಳನ್ನ ಒಪ್ಕೊಂಡ. ಜೊತೆಗೆ ಎರಡು ಷರತ್ತು ಹಾಕಿದ. ಆಗಾಗ ಚುನಾವಣೆ ನಡೀಬೇಕು, ಮತ್ತೆ ಕಳಿಸುವಾಗ ಲಿಖಿತ ಸೂಚನೆ ಕೊಟ್ಟು ಕಳಿಸಬೇಕು. ಸೂಚನೆ ಮೀರಿದರೆ ಉತ್ತರ ಕೊಡಬೇಕು.

ಹಾಗಾದ್ರೆ ರೂಸೋ ನಮ್ಮ ಯಜಮಾನ್ರ ಪಾರ್ಟಿನಾ? ಪೂರ್ತಿ ಅಲ್ಲ. ಎಲ್ಲರ ಸ್ವಂತ ಆಸೆಗಳನ್ನ ಕೂಡಿಸಿ ಬರೋ ಟೋಟಲ್ ಒಂದು, ಇಡೀ ಸಮುದಾಯಕ್ಕೆ ಯಾವುದು ಒಳ್ಳೇದೋ ಅದು ಇನ್ನೊಂದು, ಎರಡನ್ನೂ ಬೆರೆಸಬೇಡಿ ಅಂತಾನೆ ಅವನು. ಈ ಎರಡನೇದನ್ನ 'ಸಾಮಾನ್ಯ ಇಚ್ಛೆ' ಅಂತ ಕರೆದ. ಒಂದು ಬೀದಿಯವರು ಸೇರಿ ನಮಗೆ ಎರಡನೇ ತೊಂಬೆ ಬೇಕು ಅಂದ್ರೆ, ಅವರು ಎಷ್ಟೇ ಜನ ಇದ್ದರೂ ಅದು ಬೀದಿಯ ಇಚ್ಛೆ, ಊರಿನದಲ್ಲ. ರೂಸೋ ಯಜಮಾನ್ರನ್ನ ಇಲ್ಲಿ ಕೈಬಿಡ್ತಾನೆ.

ಬರ್ಕ್: ನನ್ನ ವಿವೇಚನೆಯನ್ನೂ ನಿಮಗೆ ಕೊಡಬೇಕು

ದೊಡ್ಡಮ್ಮನಿಗೆ ಹತ್ತಿರದವನು ಎಡ್ಮಂಡ್ ಬರ್ಕ್. ಡಬ್ಲಿನ್‌ನಲ್ಲಿ ಹುಟ್ಟಿ ಇಂಗ್ಲೆಂಡಿನ ರಾಜಕೀಯಕ್ಕೆ ಬಂದವನು. 1774ರಲ್ಲಿ ಬ್ರಿಸ್ಟಲ್ ಅನ್ನೋ ಶ್ರೀಮಂತ ಬಂದರು ನಗರದಿಂದ ಪಾರ್ಲಿಮೆಂಟಿಗೆ ಗೆದ್ದ. ಅಲ್ಲಿ ಎರಡು ಸ್ಥಾನ, ಇನ್ನೊಂದನ್ನ ಗೆದ್ದವನು ಹೆನ್ರಿ ಕ್ರೂಗರ್. ಮತದಾರರು ಕೊಟ್ಟ ಸೂಚನೆಗೆ ಪ್ರತಿನಿಧಿ ಬದ್ಧನಾಗಿರಬೇಕು ಅನ್ನೋದು ಕ್ರೂಗರ್ ನಿಲುವು. ನವೆಂಬರ್ 3ರಂದು ಬರ್ಕ್ ಎದ್ದು, ಓಟು ಹಾಕಿದವರ ಮುಂದೆಯೇ ಇದಕ್ಕೆ ಉಲ್ಟಾ ಹೇಳಿದ. ನಿಮ್ಮ ಅಭಿಪ್ರಾಯಕ್ಕೆ ನಾನು ತುಂಬ ಬೆಲೆ ಕೊಡ್ತೀನಿ, ನಿಮಗಾಗಿ ದುಡೀತೀನಿ. ಆದ್ರೆ ನನ್ನ ವಿವೇಚನೆಯನ್ನ ನಿಮ್ಮ ಅಭಿಪ್ರಾಯಕ್ಕೆ ಒಪ್ಪಿಸಿಬಿಟ್ಟರೆ ಅದು ನಿಮಗೇ ಮಾಡೋ ದ್ರೋಹ. ಪಾರ್ಲಿಮೆಂಟ್ ಇರೋದು ಒಟ್ಟಿಗೆ ಕೂತು ಚರ್ಚೆ ಮಾಡೋಕೆ. ತೀರ್ಮಾನವನ್ನ ಊರಲ್ಲೇ ಕಟ್ಕೊಂಡು ಹೋದ್ರೆ ಚರ್ಚೆ ಯಾಕೆ ಬೇಕು? ಸಾರಾಂಶದಲ್ಲಿ ಅವನ ವಾದ ಇದು.

ಕೇಳೋಕೆ ಚೆನ್ನಾಗಿದೆ. ಮುಂದೇನಾಯ್ತು ನೋಡಿ. ಐರ್ಲೆಂಡಿನ ವ್ಯಾಪಾರದ ಮೇಲಿದ್ದ ನಿರ್ಬಂಧ ಸಡಿಲಿಸಬೇಕು ಅಂತ ಬರ್ಕ್ ವಾದಿಸಿದ. ಬ್ರಿಸ್ಟಲ್‌ನ ವರ್ತಕರಿಗೆ ಅದು ನೇರ ಪೈಪೋಟಿ. ಕ್ಯಾಥೊಲಿಕರ ಮೇಲಿದ್ದ ಕಠಿಣ ಕಾನೂನು ಸಡಿಲ ಮಾಡೋದನ್ನೂ ಬೆಂಬಲಿಸಿದ. ಅದು ಪ್ರೊಟೆಸ್ಟೆಂಟ್ ಮತದಾರರಿಗೆ ಹಿಡಿಸಲಿಲ್ಲ. ಜೊತೆಗೆ ಇವನು ಬ್ರಿಸ್ಟಲ್ ಕಡೆ ತಲೆ ಹಾಕೋದೇ ಅಪರೂಪ ಅನ್ನೋ ದೂರು ಬೇರೆ. 1780ರಲ್ಲಿ ಮತ್ತೆ ಚುನಾವಣೆ ಬಂದಾಗ, ಗಿಲ್ಡ್‌ಹಾಲ್‌ನಲ್ಲಿ ನಿಂತು ತಾನು ಮಾಡಿದ್ದಕ್ಕೆಲ್ಲ ಒಂದೊಂದಾಗಿ ಕಾರಣ ಕೊಟ್ಟ. ಅಷ್ಟೊತ್ತಿಗೆ ತಡವಾಗಿತ್ತು. ಗೆಲ್ಲಲ್ಲ ಅಂತ ಗೊತ್ತಾಗಿ ಕಣದಿಂದ ಹಿಂದೆ ಸರಿದ.

ಆಮೇಲೆ ಬರ್ಕ್ ಪಾರ್ಲಿಮೆಂಟಿಗೆ ಬಂದಿದ್ದು ಮಾಲ್ಟನ್ ಅನ್ನೋ ಪುಟ್ಟ ಕ್ಷೇತ್ರದಿಂದ. ಅದು ಅವನ ನಾಯಕನಾಗಿದ್ದ ಒಬ್ಬ ದೊಡ್ಡ ಜಮೀನ್ದಾರನ ಹಿಡಿತದಲ್ಲಿತ್ತು. ಅಂದ್ರೆ ಮತದಾರರಿಂದ ಸ್ವತಂತ್ರನಾದವನಿಗೂ ನಿಲ್ಲೋಕೆ ಯಾರದೋ ಹೆಗಲು ಬೇಕಾಯ್ತು. ಈ ವಿವರ ನೆನಪಿಟ್ಕೊಳ್ಳಿ, ಕೊನೆಗೆ ಬೇಕಾಗುತ್ತೆ.

ಮಿಲ್: ಸೋತ ಓಟು ಎಲ್ಲಿಗೆ ಹೋಯ್ತು?

ರೂಸೋ, ಬರ್ಕ್ ಇಬ್ಬರೂ ಜನ ಮತ್ತು ಪ್ರತಿನಿಧಿ ನಡುವಿನ ಸಂಬಂಧದ ಬಗ್ಗೆ ಜಗಳ ಆಡ್ತಾರೆ. ಜನ ಅಂದ್ರೆ ಯಾರು ಅಂತ ಗಟ್ಟಿಯಾಗಿ ಕೇಳಿದ್ದು ಜಾನ್ ಸ್ಟುವರ್ಟ್ ಮಿಲ್. 1861ರಲ್ಲಿ ಪ್ರಾತಿನಿಧಿಕ ಸರ್ಕಾರದ ಬಗ್ಗೆಯೇ ಒಂದು ಪುಸ್ತಕ ಬರೆದ. ಒಂದು ಕ್ಷೇತ್ರದಲ್ಲಿ ನೂರಕ್ಕೆ 51 ಓಟು ತಗೊಂಡವನು ಗೆದ್ದ ಅಂದ್ಕೊಳ್ಳಿ. ಉಳಿದ 49 ಓಟಿಗೆ ಸದನದಲ್ಲಿ ಯಾರಿದ್ದಾರೆ? ಬಹುಮತ ಆಳಬೇಕು, ಸರಿ. ಆದ್ರೆ ಅಲ್ಪಮತಕ್ಕೆ ದನಿಯೇ ಇಲ್ಲ ಅಂದ್ರೆ ಅದು ಎಲ್ಲರ ಸರ್ಕಾರ ಹೇಗಾಗುತ್ತೆ? ಇದು ಮಿಲ್ ಎತ್ತಿದ ಪ್ರಶ್ನೆ.

ಇದಕ್ಕೆ ಥಾಮಸ್ ಹೇರ್ ಅನ್ನೋ ವಕೀಲ ಒಂದು ಉಪಾಯ ಸೂಚಿಸಿದ್ದ. ಮತದಾರ ಒಂದು, ಎರಡು, ಮೂರು ಅಂತ ಆದ್ಯತೆ ಬರೀಬೇಕು. ಮೊದಲನೆಯವರಿಗೆ ಬೇಡವಾದ ಓಟು ಎರಡನೆಯವರಿಗೆ ಹೋಗುತ್ತೆ. ಮಿಲ್ ಇದನ್ನ ತುಂಬ ಮೆಚ್ಚಿಕೊಂಡ. ನಮ್ಮ ಶಾಸಕರು ರಾಜ್ಯಸಭೆಗೆ ಸದಸ್ಯರನ್ನ ಆರಿಸೋದು ಇದೇ ಜಾತಿಯ ವಿಧಾನದಲ್ಲಿ. ಚಿಕ್ಕ ಪಕ್ಷಕ್ಕೂ ಒಂದು ಸೀಟಿನ ಲೆಕ್ಕಾಚಾರ ಇರುತ್ತಲ್ಲ, ಅದಕ್ಕೆ ಇದೇ ಕಾರಣ.

ಮಿಲ್ 1865ರಿಂದ 1868ರವರೆಗೆ ಪಾರ್ಲಿಮೆಂಟ್ ಸದಸ್ಯ. 1867ರಲ್ಲಿ ಮಹಿಳೆಯರಿಗೂ ಮತದ ಹಕ್ಕು ಕೊಡಿ ಅಂತ ತಿದ್ದುಪಡಿ ತಂದ, ಅದು ಬಿದ್ದುಹೋಯ್ತು. ಇಷ್ಟು ಓದಿ ನಾನು ಅವನ ಫ್ಯಾನ್ ಆಗೋದರಲ್ಲಿದ್ದೆ. ಮುಂದೆ ಓದಿದಾಗ ಗೊತ್ತಾಯ್ತು, ಓದಿದವರಿಗೆ ಒಂದಕ್ಕಿಂತ ಹೆಚ್ಚು ಓಟು ಇರಬೇಕು ಅಂತಲೂ ಅದೇ ಪುಸ್ತಕದಲ್ಲಿ ವಾದಿಸಿದ್ದಾನೆ. ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿ 35 ವರ್ಷ ಕೆಲಸ ಮಾಡಿದ ಮನುಷ್ಯ, ಭಾರತದವರು ಪ್ರಾತಿನಿಧಿಕ ಸರ್ಕಾರಕ್ಕೆ ಇನ್ನೂ ತಯಾರಿಲ್ಲ ಅಂತ ನಂಬಿದ್ದ. ಏಳನೇ ಕ್ಲಾಸ್ ಓದಿದ ನಮ್ಮ ದೊಡ್ಡಮ್ಮನಿಗೆ ಮಿಲ್ ಎಷ್ಟು ಓಟು ಕೊಡ್ತಿದ್ದ ಅಂತ ಯೋಚಿಸ್ತೀನಿ ಒಮ್ಮೊಮ್ಮೆ.

ಅಂಬೇಡ್ಕರ್: ಒಳ್ಳೆಯತನದ ಮೇಲೆ ಹಕ್ಕು ನಿಲ್ಲಬಾರದು

ಈಗ ಕಾಲೋನಿಗೆ ವಾಪಸ್ ಬರೋಣ. ತೊಂಬೆ ಕಟ್ಟಿದ ದಿನ ಅಲ್ಲಿಯ ಹೆಂಗಸೊಬ್ಬರು ದೊಡ್ಡಮ್ಮನಿಗೆ ಹೇಳಿದ್ದರಂತೆ. "ನೀವಿದ್ರಿ, ನೀರು ಬಂತು ಅಮ್ಮೋರೆ. ನಾಳೆ ನೀವಿಲ್ಲ ಅಂದ್ರೆ ಯಾರನ್ನ ಕೇಳಾನ?" ದೊಡ್ಡಮ್ಮನ ಹತ್ತಿರ ಉತ್ತರ ಇರಲಿಲ್ಲ. 2015ರ ನಂತರ ಒಂದು ಬೇಸಿಗೆಯಲ್ಲಿ ಮೋಟಾರು ಸುಟ್ಟುಹೋಯ್ತು. ತಿಂಗಳುಗಟ್ಟಲೆ ಯಾರೂ ರಿಪೇರಿ ಮಾಡಿಸಲಿಲ್ಲ.

ಆ ಹೆಂಗಸಿನ ಪ್ರಶ್ನೆಯೇ ಅಂಬೇಡ್ಕರ್ ಅವರ ಪ್ರಶ್ನೆ. 1919ರ ಜನವರಿಯಲ್ಲಿ ಮತದಾನದ ಹಕ್ಕನ್ನ ಪರಿಶೀಲಿಸೋಕೆ ಬಂದಿದ್ದ ಸೌತ್‌ಬರೋ ಸಮಿತಿಯ ಮುಂದೆ ಅವರು ಹೇಳಿಕೆ ಕೊಟ್ಟರು. ಆಗ ಅವರಿಗೆ 27 ವರ್ಷ, ಈಗಿನ ನನಗಿಂತ ಒಂದು ವರ್ಷ ಚಿಕ್ಕವರು. ಅವರ ವಾದ ಹೀಗಿತ್ತು. ನಿಮ್ಮ ಅಭಿಪ್ರಾಯವನ್ನ ಬೇರೆ ಯಾರೋ ಹೋಗಿ ಹೇಳಿದರೆ ಸಾಕಾಗಲ್ಲ. ಅಲ್ಲಿ ನೀವೇ ಇರಬೇಕು. ಅಸ್ಪೃಶ್ಯರ ಕಷ್ಟ ಅಸ್ಪೃಶ್ಯರಿಗೇ ಗೊತ್ತು, ಮತ್ತು ಆಳುವ ಜಾಗದಲ್ಲಿ ಕೂರೋದೇ ಪೌರತ್ವದ ಒಂದು ಮುಖ್ಯ ಹಕ್ಕು. ಭೂಪಟದ ಮೇಲೆ ಗೆರೆ ಎಳೆದು ಕ್ಷೇತ್ರ ಮಾಡಿದರೆ, ಎಲ್ಲಾ ಕಡೆ ಚದುರಿಹೋಗಿರೋ ಸಣ್ಣ ಗುಂಪಿನವರು ಎಲ್ಲೂ ಗೆಲ್ಲಲ್ಲ.

1932ರಲ್ಲಿ ಇದು ಸ್ಫೋಟ ಆಯ್ತು. ಆಗಸ್ಟ್‌ನಲ್ಲಿ ಬ್ರಿಟಿಷ್ ಸರ್ಕಾರ ದಲಿತರಿಗೆ ಪ್ರತ್ಯೇಕ ಮತಕ್ಷೇತ್ರ ಘೋಷಿಸಿತು. ಅಂದ್ರೆ ಆ ಸ್ಥಾನಗಳಿಗೆ ಓಟು ಹಾಕುವವರೂ ದಲಿತರೇ, ಜೊತೆಗೆ ಸಾಮಾನ್ಯ ಕ್ಷೇತ್ರದಲ್ಲೂ ಅವರಿಗೆ ಓಟು. ಇದು ಹಿಂದೂ ಸಮಾಜವನ್ನ ಒಡೆಯುತ್ತೆ ಅಂತ ಗಾಂಧೀಜಿ ಯೆರವಡಾ ಜೈಲಿನಲ್ಲಿ ಸೆಪ್ಟೆಂಬರ್ 20ರಿಂದ ಉಪವಾಸ ಕೂತರು. 24ರಂದು ಪೂನಾ ಒಪ್ಪಂದಕ್ಕೆ ಸಹಿ ಬಿತ್ತು. ಸ್ಥಾನಗಳು 71ರಿಂದ 148ಕ್ಕೆ ಏರಿದವು, ಆದರೆ ಕೊನೆಯ ಚುನಾವಣೆಯಲ್ಲಿ ಎಲ್ಲರೂ ಸೇರಿ ಓಟು ಹಾಕುವ ಜಂಟಿ ಮತಕ್ಷೇತ್ರ.

ನನ್ನಂಥ ಕಾಮರ್ಸ್‌ನವರು ತಕ್ಷಣ ನೋಡೋದು ಸಂಖ್ಯೆ. ಡಬಲ್ ಆಯ್ತಲ್ಲ, ಲಾಭ ತಾನೇ? ಅಂಬೇಡ್ಕರ್ ಕೇಳಿದ್ದು ಬೇರೆ. ಸೀಟಲ್ಲಿ ಕೂರೋದು ದಲಿತನೇ, ಆದ್ರೆ ಅವನ ಗೆಲುವು ಯಾರ ಓಟಿನ ಮೇಲೆ ನಿಂತಿದೆ? ಬಹುಸಂಖ್ಯಾತರ ಓಟು ಬೇಕಾದವನು ಅವರ ಮುಖ ನೋಡಿ ಮಾತಾಡ್ತಾನೆ. ಈ ಒಪ್ಪಂದದ ಬಗ್ಗೆ ಅವರು ಮುಂದೆ ಕಟುವಾಗಿಯೇ ಬರೆದರು. ನಮ್ಮ ಇಂದಿನ ಮೀಸಲು ಕ್ಷೇತ್ರಗಳೂ ಜಂಟಿ ಮತಕ್ಷೇತ್ರಗಳೇ. ಅದು ಸಮಾಜವನ್ನ ಜೋಡಿಸುತ್ತಾ, ಪ್ರತಿನಿಧಿಯ ಬಾಯಿ ಕಟ್ಟುತ್ತಾ ಅನ್ನೋ ಚರ್ಚೆ ಇನ್ನೂ ಮುಗಿದಿಲ್ಲ.

ಅಂಬೇಡ್ಕರ್ ಕಣ್ಣಿಂದ ನೋಡಿದ್ರೆ ನಮ್ಮ ದೊಡ್ಡಮ್ಮನ ಕತೆಯೇ ಬದಲಾಗುತ್ತೆ. ಅವರು ಒಳ್ಳೆಯವರು, ಸರಿ. ಆದ್ರೆ ಕಾಲೋನಿಯವರಿಗೆ ನೀರು ಸಿಗೋಕೆ ಇನ್ನೊಂದು ಜಾತಿಯ ಒಬ್ಬ ಹೆಂಗಸಿನ ಒಳ್ಳೆಯತನ ಯಾಕೆ ಬೇಕಾಯ್ತು? ಆ ಸಭೆಯಲ್ಲಿ ನಮ್ಮ ವಾರ್ಡಿನ ಎರಡು ಕುರ್ಚಿ ಇದ್ದವು. ಎರಡರಲ್ಲಿ ಒಂದರ ಮೇಲೂ ಕಾಲೋನಿಯವರು ಇರಲಿಲ್ಲ.

ಹಾಗಂತ ಕುರ್ಚಿ ಸಿಕ್ಕಿದ ತಕ್ಷಣ ಎಲ್ಲ ಸರಿಹೋಗುತ್ತೆ ಅಂತಲೂ ಅಲ್ಲ. ದೊಡ್ಡಮ್ಮನ ಮೊದಲ ವರ್ಷ ನೆನಪಿಸ್ಕೊಳ್ಳಿ. ಹೆಂಗಸಿಗೆ ಸ್ಥಾನ ಇತ್ತು, ಸಭೆಯಲ್ಲಿ ಗಂಡ ಕೂತಿದ್ದರು. ಹನ್ನಾ ಪಿಟ್ಕಿನ್ ಅನ್ನೋ ಚಿಂತಕಿ 1967ರಲ್ಲಿ ಇದನ್ನ ಚೆನ್ನಾಗಿ ಬಿಡಿಸಿದರು. ನಮ್ಮ ಹಾಗೆ ಇರೋದು ಒಂದು, ನಮಗಾಗಿ ಕೆಲಸ ಮಾಡೋದು ಇನ್ನೊಂದು. ಮೀಸಲಾತಿ ಮೊದಲನೆಯ ಬಾಗಿಲು ತೆಗೆಯುತ್ತೆ. ಆ ಬಾಗಿಲು ಇಲ್ಲದಿದ್ದರೆ ದೊಡ್ಡಪ್ಪನ ಕಾಲು ಮುರಿದಾಗಲೂ ದೊಡ್ಡಮ್ಮ ಆ ಸಭೆಗೆ ಹೋಗ್ತಿರಲಿಲ್ಲ.

ಕಾರಣ ಹೇಳಬೇಕು

ಪ್ರಾಕ್ಸಿನಾ ಡೈರೆಕ್ಟರಾ ಅನ್ನೋ ಜಗಳಕ್ಕೂ ಪಿಟ್ಕಿನ್ ಹತ್ರ ಒಂದು ಉತ್ತರ ಇದೆ, ನನಗೆ ತುಂಬ ಹಿಡಿಸಿದ್ದು ಅದೇ. ಪ್ರತಿನಿಧಿ ತನ್ನ ಬುದ್ಧಿ ಉಪಯೋಗಿಸಬಹುದು. ಆದ್ರೆ ಜನರ ಆಸೆಗೆ ವಿರುದ್ಧ ಹೋದಾಗ ಯಾಕೆ ಅಂತ ಹೇಳೋ ಹೊಣೆ ಅವರ ಮೇಲಿರುತ್ತೆ. ಪದೇ ಪದೇ ವಿರುದ್ಧ ಹೋಗಿ, ಕಾರಣವನ್ನೂ ಕೊಡದಿದ್ದರೆ ಅವರು ನಮ್ಮ ಪ್ರತಿನಿಧಿಯಾಗಿ ಉಳಿಯಲ್ಲ.

ದೊಡ್ಡಮ್ಮ ಎಡವಿದ್ದು ಇಲ್ಲೇ ಅಂತ ನನಗನ್ನಿಸುತ್ತೆ. ಸಭೆಯಲ್ಲಿ ಹೇಳಿದ್ದು ಸರಿ. ದೇವಸ್ಥಾನದ ಬೀದಿಗೆ ಹೋಗಿ, ನಿಮಗೆ ಒಂದಿದೆ, ಅವರಿಗೆ ಒಂದೂ ಇಲ್ಲ, ಅದಕ್ಕೆ ಹೀಗೆ ಮಾಡಿದೆ ಅಂತ ಅವರು ಹೇಳಲೇ ಇಲ್ಲ. ಯಾಕೆ ದೊಡ್ಡಮ್ಮ ಅಂತ ಕೇಳಿದೆ ಹೋದ ಹಬ್ಬಕ್ಕೆ ಊರಿಗೆ ಹೋದಾಗ. "ಭಯ ಆಯ್ತು ಕಣೇ" ಅಂದ್ರು.

ಈಗ ವಿಧಾನಸಭೆಗೆ ಬನ್ನಿ. ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆ ಮೇಲೆ ನಡೆಯಲ್ಲ, ಅದಕ್ಕೇ ದೊಡ್ಡಮ್ಮನಿಗೆ ಅಷ್ಟು ಜಾಗ ಇತ್ತು. ಶಾಸಕರಿಗೆ, ಸಂಸದರಿಗೆ 1985ರ ಪಕ್ಷಾಂತರ ನಿಷೇಧ ಕಾನೂನು ಇದೆ. ಪಕ್ಷದ ವಿಪ್ ಮೀರಿ ಸದನದಲ್ಲಿ ಮತ ಹಾಕಿದ್ರೆ ಸದಸ್ಯತ್ವ ಹೋಗಬಹುದು. ದುಡ್ಡು, ಅಧಿಕಾರಕ್ಕೆ ಹಾರೋರನ್ನ ತಡೆಯೋದು ಅದರ ಉದ್ದೇಶ, ಒಳ್ಳೆಯದೇ. ಆದ್ರೆ ಫಲಿತಾಂಶ? ಸದನದಲ್ಲಿ ಪ್ರತಿನಿಧಿ ನಮ್ಮ ಪ್ರಾಕ್ಸಿಯೂ ಅಲ್ಲ, ಬರ್ಕ್‌ನ ಡೈರೆಕ್ಟರೂ ಅಲ್ಲ. ಪಕ್ಷದ ಪ್ರಾಕ್ಸಿ. ಮಾಲ್ಟನ್‌ನ ಜಮೀನ್ದಾರ ಬೇರೆ ರೂಪದಲ್ಲಿ ವಾಪಸ್ ಬಂದಿದ್ದಾನೆ. ಯಾಕೆ ಹಾಗೆ ಮತ ಹಾಕಿದ್ರಿ ಅಂದ್ರೆ ಸಿಗೋ ಕಾರಣ ಒಂದೇ: ಪಕ್ಷ ಹೇಳಿತು.

ಹಾಗಂತ ಹಾರೋದು ನಿಂತಿದೆಯಾ? 2019ರ ಜುಲೈನಲ್ಲಿ ನಮ್ಮ ರಾಜ್ಯದಲ್ಲೇ 17 ಶಾಸಕರು ಅನರ್ಹರಾದರು, ಸರ್ಕಾರ ಬಿತ್ತು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನ ಎತ್ತಿಹಿಡಿಯಿತು, ಮತ್ತೆ ಚುನಾವಣೆಗೆ ನಿಲ್ಲಬಹುದು ಅಂತಲೂ ಹೇಳಿತು. ಡಿಸೆಂಬರ್ 5ರ ಉಪಚುನಾವಣೆಯಲ್ಲಿ ನಿಂತವರಲ್ಲಿ ಹೆಚ್ಚಿನವರು ಗೆದ್ದು ಬಂದರು. ಮತದಾರರು ಅವರ ಕಾರಣ ಒಪ್ಪಿದ್ರಾ, ಕಾರಣವನ್ನೇ ಕೇಳಲಿಲ್ವಾ? ಎರಡೂ ಒಂದೇ ಅಲ್ಲ.

ನಾನು ಇಷ್ಟೆಲ್ಲ ಓದಿ ಒಂದು ತೀರ್ಮಾನಕ್ಕೆ ಬಂದಿದ್ದೀನಿ, ನೀವು ಒಪ್ಪದೇ ಇರಬಹುದು. ಒಳ್ಳೆ ಪ್ರತಿನಿಧಿನಾ ಅಂತ ಅಳೆಯೋಕೆ ನನ್ನ ಮಾತು ಕೇಳಿದ್ರಾ ಅನ್ನೋ ಒಂದೇ ಅಳತೆ ಸಾಕಾಗಲ್ಲ. ಎರಡು ಪ್ರಶ್ನೆ ಕೇಳಬೇಕು. ಒಂದು, ನಮ್ಮ ಮಾತು ಕೇಳದೇ ಇದ್ದಾಗ ಮುಖಾಮುಖಿ ಬಂದು ಯಾಕೆ ಅಂತ ಹೇಳಿದ್ರಾ? ಎರಡು, ಆ ತೀರ್ಮಾನ ಆದ ಕೋಣೆಯಲ್ಲಿ ಯಾರಿಗೆ ಕುರ್ಚಿ ಇರಲಿಲ್ಲ? ಮೊದಲನೇದು ನಮ್ಮ ಹಕ್ಕು. ಎರಡನೇದು, ಓಟು ಹಾಕಿ ಗೆದ್ದ ಗುಂಪಲ್ಲಿ ನಾವಿದ್ದರೆ, ನಮ್ಮ ಕರ್ತವ್ಯ.

ನಿಮಗೊಂದು ಸಣ್ಣ ಕೆಲಸ. ನಿಮ್ಮ ಶಾಸಕರೋ ಪಂಚಾಯಿತಿ ಸದಸ್ಯರೋ ಮುಂದಿನ ಸಲ ಸಿಕ್ಕಾಗ ರಸ್ತೆ ಯಾವಾಗ ಅಂತ ಕೇಳಿ, ಖಂಡಿತ ಕೇಳಿ. ಜೊತೆಗೆ ಇದನ್ನೂ ಕೇಳಿ: ನಾವು ಬೇಡ ಅಂದಿದ್ದನ್ನ ನೀವು ಮಾಡಿದ್ದು ಯಾವುದು, ಯಾಕೆ? ಏನು ಉತ್ತರ ಬಂತು ಅಂತ ನನಗೆ ವಾಯ್ಸ್ ಮೆಸೇಜ್ ಕಳಿಸಿ.

ಅಂದ ಹಾಗೆ, ಕಾಲೋನಿಯ ಆ ಹೆಂಗಸಿನ ಮಗಳು 2020ರಲ್ಲಿ ಪಂಚಾಯಿತಿಗೆ ನಿಂತು ಗೆದ್ದಳು. ಪರಿಶಿಷ್ಟ ಜಾತಿ ಮಹಿಳೆಗೆ ಮೀಸಲಾದ ಸ್ಥಾನ. ಮೋಟಾರು ರಿಪೇರಿ ಆಗಿದೆ. ಸಭೆಗೆ ಅವಳೇ ಹೋಗ್ತಾಳಂತೆ, ದೊಡ್ಡಮ್ಮ ಹೇಳಿದ್ರು. ದೇವಸ್ಥಾನದ ಬೀದಿಯವರ ಓಟು ಇಲ್ಲದೆ ಅವಳು ಮತ್ತೆ ಗೆಲ್ತಾಳಾ ಅಂತ ಕೇಳಿದೆ. ದೊಡ್ಡಮ್ಮ ಸುಮ್ಮನಾದ್ರು.

ಮುಂದಿನ ವಾರ ಸಿಗೋಣ. ನಮಸ್ಕಾರ.